ಹುಮನಾಬಾದಿನಲ್ಲಿ ಸಿಗದ ದೇಗು

ಇರಾಕಿನ ಯುದ್ಧವನ್ನು ನಮ್ಮ ಅಡುಗೆಮನೆಗೆ ತಂದವಳು ಮಗಳು ಆಯೆಷಾ. ಹುಮನಾಬಾದಿನ ಕಾಲೇಜೊಂದರಲ್ಲಿ ಚರ್ಚಾಸ್ಪರ್ಧೆಯಂತೆ. ಯುದ್ಧ ಹೂಡಲು ಅಮೆರಿಕದ ಸರ್ಕಾರ ತನ್ನ ಜನರನ್ನು ದಾರಿ ತಪ್ಪಿಸಿತೇ ಎಂಬುದು ವಿಷಯ. ತಪ್ಪಿಸಿತು ಎಂದು ಇವಳು ವಾದಿಸಬೇಕು. ಅಭ್ಯಾಸಕ್ಕೆ ಎದುರಾಳಿಯಾಗಿ ಕೂತವರು ನನ್ನ ಗಂಡ ಅಲ್ತಾಫ್. ಬಸವಕಲ್ಯಾಣದ ಮದುವೆಗಳಿಗೆ ಬಿರಿಯಾನಿ ಬೇಯಿಸುವ ಮನುಷ್ಯ. ವಾದಕ್ಕೆ ಕರೆದರೆ ಒಲೆಯ ಮೇಲಿನದನ್ನೂ ಮರೆಯುತ್ತಾರೆ.

"ಅಲ್ಲಿ ಭಯಂಕರ ಬಾಂಬು, ಹತ್ಯಾರ ಅದಾವ ಅಂದ್ರು, ನುಗ್ಗಿದ್ರು. ಹುಡುಕಿದ್ರ ಸಿಗಲಿಲ್ಲ," ಎಂದಳು ಮಗಳು.

"ಸಿಗಲಿಲ್ಲ ಅಂದ್ರ ಇರಲಿಲ್ಲ ಅಂತೇನು? ಬ್ಯಾರೆ ಕಡೆ ಸಾಗಿಸಿರ್ತಾರ," ಎಂದರು ಇವರು.

ನನ್ನ ಕೈಯ ಲಟ್ಟಣಿಗೆ ನಿಂತಿತು. ಈ ಮಾತನ್ನು ಇದೇ ಬಾಯಿಂದ ನಾನು ಮೊದಲೂ ಕೇಳಿದ್ದೆ.

ಮಾವನವರು ತೀರಿಕೊಂಡ ಮೇಲೆ ಅವರ ತಾಮ್ರದ ದೇಗು, ಮದುವೆ ಅಡುಗೆಯ ದೊಡ್ಡ ಹಂಡೆ, ಕಾಣೆಯಾಯಿತು. ಹುಮನಾಬಾದಿನಲ್ಲಿ ಇದೇ ಕಸುಬು ಮಾಡುವ ಇವರ ಅಣ್ಣ ಸಲಾವುದ್ದೀನನೇ ಬಚ್ಚಿಟ್ಟಿದ್ದಾನೆ ಎಂದು ಇವರು ಬಂಧುಬಳಗಕ್ಕೆಲ್ಲ ಸಾರಿದರು. ಅಣ್ಣನ ಹೆಂಡತಿ ವಜೀರಬಿ "ಬಂದು ಹುಡುಕ್ರಿ" ಎಂದಳು. "ಸಾಗಿಸಿರ್ತಾರ" ಎಂದು ಇವರು ಹೋಗಲೇ ಇಲ್ಲ. ಅಲ್ಲಿಗೆ ಎರಡೂ ಮನೆಯವರು ಹೋಗಿಬರುವುದು ನಿಂತಿತು. ನಾನು ಹೊಸ ಸೊಸೆಯಾಗಿ ಬಂದಾಗ ಅತ್ತೆಯ ಬಾಯಿಂದ ನನ್ನನ್ನು ಕಾಪಾಡಿದವಳು ಆ ಭಾಬಿ. ಅಂಥವಳನ್ನು ಒಂದು ಹಂಡೆಗಾಗಿ ಕಳೆದುಕೊಂಡೆನಲ್ಲ ಎಂದು ಪ್ರತಿ ಈದಿಗೂ ನೆನೆಯುತ್ತಿದ್ದೆ.

"ದೇಗು ಅವ್ರ ಮನ್ಯಾಗ ನೀವು ಕಣ್ಣಾರೆ ನೋಡಿದ್ರೇನು?" ಎಂದೆ.

"ಈಗ್ಯಾಕ ಅದು? ನಾವು ಇರಾಕ್ ಮಾತಾಡಾಕತ್ತೇವಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. "ನಾನೂ ಅದನ್ನೇ ಮಾತಾಡಾಕತ್ತೇನಿ," ಎಂದೆ.

ಆಯೆಷಾ ಬಿಡಲಿಲ್ಲ. "ಹೇಳ್ರಿ ಅಬ್ಬಾ. ತಪ್ಪು ತಿಳ್ಕೊಂಡಿದ್ರೋ, ಗೊತ್ತಿದ್ದೇ ಹೇಳಿದ್ರೋ? ನಾಳೆ ಜಡ್ಜೂ ಇದನ್ನೇ ಕೇಳ್ತಾರ."

ಇವರು ಗಡ್ಡ ಕೆರೆದುಕೊಂಡರು. "ದೇಗು ಎಲ್ಲಿ ಹೋತೋ ನನಗೂ ಗೊತ್ತಿಲ್ಲ. ರಾಜೇಶ್ವರ ಊರಾಗಿನ ದೊಡ್ಡ ಮದಿವಿ ಅಡುಗಿ ನನ್ನ ಬಿಟ್ಟು ಅಣ್ಣಗ ಕೊಟ್ರು, ಸಿಟ್ಟು ಬಂತು. ಬರೇ ಸಿಟ್ಟು ಬಂದದ ಅಂದ್ರ ನನ್ನ ಕಡೆ ಯಾರು ನಿಲ್ತಿದ್ರು? ದೇಗು ಅಂದೆ. ನೀನೂ ನಿಂತಿ."

ನನ್ನ ಮೈಯೆಲ್ಲ ಉರಿಯಿತು. ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು. ಅದನ್ನೇ ಇವರ ತಟ್ಟೆಗೆ ಹಾಕಿದೆ. ಚೂರೂ ಬಿಡದೆ ತಿಂದರು.

ಮರುದಿನ ಹುಮನಾಬಾದಿನಲ್ಲಿ ಮಗಳನ್ನು ಕಾಲೇಜಿಗೆ ಬಿಟ್ಟು ನಾನು ಸೀದಾ ಭಾಬಿಯ ಮನೆಗೆ ನಡೆದೆ. ಬೆನ್ನಹಿಂದೆಯೇ ಬಂದ ಇವರು ಧೈರ್ಯ ಸಾಲದೆ ಓಣಿಯ ತುದಿಯಲ್ಲೇ ನಿಂತರು. ಬಾಗಿಲಿಗೆ ಬಂದ ವಜೀರಬಿಯ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಪಕ್ಕಕ್ಕೆ ಸರಿದಳು.

"ಬಾ, ಹುಡುಕು. ಬಾಗಿಲು ಅವತ್ತಿನಿಂದ ತೆಗೆದೇ ಅದ."

ನಾನು ಹೊಸಿಲ ಹೊರಗೆ ಚಪ್ಪಲಿ ಬಿಟ್ಟೆ. "ಹುಡುಕಾಕ ಬಂದಿಲ್ಲ ಭಾಬಿ, ಉಣ್ಣಾಕ ಬಂದೀನಿ."

ಅವಳು ನನ್ನ ಕೈ ಹಿಡಿದುಕೊಂಡಳು. ಹಿಡಿದುಕೊಂಡೇ ಓಣಿಯ ತುದಿಯತ್ತ ಕತ್ತು ಚಾಚಿ ನೋಡಿದಳು.

"ಅಲ್ತಾಫನ್ನೂ ಕರಿ," ಎಂದಳು. "ಅವಾ ಮಾತ್ರ ಮನಿಯೆಲ್ಲ ಹುಡುಕಿದ ಮ್ಯಾಲೇ ಉಣ್ಣಬೇಕು."