ಒಂದೇ ಜಗ್ಗಿನ ನೀರು

ಜಗ್ ಕೈಗೆ ಬಂದಾಗ ಕಡ್ಡಿ ಅದನ್ನು ತುಟಿಗೆ ಹಚ್ಚಿದಳು, ಕತ್ತು ಹಿಂದಕ್ಕೆ ಬಾಗಿಸಿದಳು, ಗಂಟಲನ್ನು ಎರಡು ಸಲ ಆಡಿಸಿದಳು, ಒಂದು ಹನಿಯೂ ಒಳಗೆ ಹೋಗದಂತೆ ನೋಡಿಕೊಂಡು ಪಕ್ಕದವಳಿಗೆ ದಾಟಿಸಿದಳು. ನಾಟಕವೇನೋ ಚೆನ್ನಾಗಿಯೇ ಇತ್ತು. ಆದರೆ ನದಿಯ ಮೆಟ್ಟಿಲ ಮೇಲೆ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದ ಮೇಷ್ಟ್ರು ಇಂಥ ಹುಡುಗಿಯರಿಗೆ ಹುಟ್ಟು ಹಾಕುವುದನ್ನು ಕಲಿಸುತ್ತಲೇ ತಲೆ ನರೆಸಿಕೊಂಡವರು. ಅವಳ ತುಟಿಯನ್ನೊಮ್ಮೆ, ಜಗ್ಗಿನ ಅಂಚನ್ನೊಮ್ಮೆ ನೋಡಿದರು.

ಆ ದೋಣಿಯ ಶೆಡ್ಡಿಗೆ ಯಾರೂ ಸ್ವಂತ ಬಾಟಲಿ ತರುವಂತಿರಲಿಲ್ಲ. ಅಭ್ಯಾಸ ಮುಗಿಸಿ ದೋಣಿಯನ್ನು ದಡಕ್ಕೆ ಎಳೆದ ಮೇಲೆ ಐವರು ಹುಡುಗಿಯರೂ ಸಾಲಾಗಿ ಕೂರಬೇಕು. ನಿಂಬೆ, ಉಪ್ಪು, ಸಕ್ಕರೆ ಕದಡಿದ ನೀರು ತುಂಬಿದ ಹಳೆಯ ಅಲ್ಯೂಮಿನಿಯಂ ಜಗ್ ಕೈಯಿಂದ ಕೈಗೆ ಹೋಗಬೇಕು. ಮೇಷ್ಟ್ರು ಹುಡುಗರಾಗಿದ್ದಾಗ ಅವರ ಜೊತೆಗಾರನೊಬ್ಬ ಸ್ಪರ್ಧೆಗೆ ಮುಂಚೆ ಗುಟ್ಟಾಗಿ ಏನನ್ನೋ ಕುಡಿದು, ನಡುನೀರಿನಲ್ಲಿ ಹುಟ್ಟಿನ ಮೇಲೆಯೇ ಕುಸಿದುಬಿದ್ದಿದ್ದ. ಪುಣ್ಯಕ್ಕೆ ಜೀವ ಉಳಿಯಿತು, ಆದರೆ ಅವನು ಮತ್ತೆ ದೋಣಿ ಹತ್ತಲಿಲ್ಲ. ಅಂದಿನಿಂದ ಈ ಜಗ್. "ನೀನು ಕುಡಿಯೋದನ್ನ ಪಕ್ಕದವಳಿಗೆ ಕೊಡೋಕೆ ಮನಸ್ಸು ಒಪ್ಪಲ್ಲ ಅಂದ್ರೆ ನೀನೂ ಕುಡೀಬೇಡ, ಅಷ್ಟೇ" ಎನ್ನುತ್ತಿದ್ದರು ಮೇಷ್ಟ್ರು.

ಹುಡುಗಿಯರು ಐವರು, ದೋಣಿಯಲ್ಲಿ ಜಾಗ ನಾಲ್ಕು. ಮೂವರ ಜಾಗ ಭದ್ರವಾಗಿತ್ತು. ಉಳಿದ ಒಂದಕ್ಕೆ ಇಬ್ಬರು. ಒಬ್ಬಳು ಕಡ್ಡಿ, ಇನ್ನೊಬ್ಬಳು ಅವಳ ಸ್ವಂತ ತಂಗಿ ದುಂಡಿ. ಹೆಸರು ಕೇಳಿದರೇ ಗೊತ್ತಾಗುತ್ತದಲ್ಲ, ದೇವರು ಒಬ್ಬಳಿಗೆ ಕೊಡುವಾಗ ಕೈ ಬಿಗಿ ಹಿಡಿದು ಇನ್ನೊಬ್ಬಳಿಗೆ ಧಾರಾಳವಾಗಿ ಬಡಿಸಿದ್ದ. ದುಂಡಿಗೆ ಹದಿನೈದು, ಆಗಲೇ ಅಕ್ಕನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸುವಷ್ಟು ಕಸುವು. ಕಡ್ಡಿಗೆ ಹದಿನೇಳು, ಅವಳ ಕೈಗಿಂತ ದೋಣಿಯ ಹುಟ್ಟೇ ದಪ್ಪ. ಮುಂದಿನ ವರ್ಷ ಅವಳು ಕಿರಿಯರ ಗುಂಪಿಗೆ ಸೇರುವುದಿಲ್ಲ. ಕಿರಿಯರ ದೊಡ್ಡ ಪಂದ್ಯಕ್ಕೆ ದೋಣಿಯಲ್ಲಿ ಕೂರುವುದಿದ್ದರೆ ಈ ವರ್ಷವೇ. ತಂಗಿ ದೋಣಿಯಲ್ಲಿ, ತಾನು ದಡದಲ್ಲಿ ಎಲ್ಲರ ಟವೆಲು ಹಿಡಿದುಕೊಂಡು ನಿಂತಿರುವ ಚಿತ್ರ ಕಣ್ಣ ಮುಂದೆ ಬಂದರೆ ಸಾಕು, ಅವಳಿಗೆ ಊಟ ಸೇರುತ್ತಿರಲಿಲ್ಲ.

ಈ ಸಂಕಟ ಕಂಡು ಕರಗಿದವನು ಮಾಮ, ಅಂದರೆ ಅಮ್ಮನ ತಮ್ಮ. ಜಿಮ್ಮಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂರುವ ಕೆಲಸ ಅವನದು. ಉಬ್ಬಿದ ತೋಳುಗಳನ್ನು ಹೊತ್ತುಕೊಂಡು ಮನೆಯ ಬಾಗಿಲಲ್ಲಿ ಸ್ವಲ್ಪ ಓರೆಯಾಗಿಯೇ ಒಳಗೆ ಬರುತ್ತಿದ್ದ. ಒಂದು ದಿನ ಚೀಲದಿಂದ ಕಪ್ಪು ಡಬ್ಬಿಯೊಂದನ್ನು ತೆಗೆದು ಕಡ್ಡಿಯ ಕೈಗಿಟ್ಟ. ಡಬ್ಬಿಯ ಮೇಲೆ ಕತ್ತೇ ಇಲ್ಲದ ಗಂಡಸೊಬ್ಬನ ಚಿತ್ರವಿತ್ತು.

"ದೊಡ್ಡ ದೊಡ್ಡ ಆಟಗಾರರೆಲ್ಲ ಬರೀ ಮನೆ ಊಟ ತಿಂದೇ ಗೆಲ್ತಾರೆ ಅಂದ್ಕೊಂಡಿದ್ದೀಯಾ ಪುಟ್ಟಿ? ಒಂದು ಚಮಚ ಪುಡಿ, ಒಂದು ಲೋಟ ನೀರು. ಅದರ ಮೇಲೆ ಬೇರೆ ಏನೂ ಕುಡೀಬೇಡ, ಪವರ್ ಇಳಿದುಬಿಡುತ್ತೆ."

"ಹದಿನೆಂಟು ದಾಟಿದವರಿಗೆ ಮಾತ್ರ ಅಂತ ಬರೆದಿದೆಯಲ್ಲ ಮಾಮ?"

"ಅದು ಸುಮ್ನೆ ಬರೆಯೋದು. ನಿಂಗೆ ಹದಿನೇಳಾಯ್ತಲ್ಲ. ಹೆಚ್ಚು ಕಮ್ಮಿ ಅಷ್ಟೇ."

ಮಾಮನ ಪ್ರೀತಿಯಲ್ಲಿ ಕಲ್ಮಶವಿರಲಿಲ್ಲ, ಲೆಕ್ಕದಲ್ಲಿ ಮಾತ್ರ ಇತ್ತು.

ಕಡ್ಡಿ ಅದನ್ನು ಬಾಟಲಿಯಲ್ಲಿ ಕದಡಿ ಶೆಡ್ಡಿನ ಹಿಂದೆ ನಿಂತು ಕುಡಿಯತೊಡಗಿದಳು, ಜಗ್ ಬಂದಾಗ ಕುಡಿದಂತೆ ನಟಿಸತೊಡಗಿದಳು. ಮೊದಮೊದಲು ಹಬ್ಬವೇ ಆಯಿತು. ಕಿವಿ ಬಿಸಿಯಾಗುತ್ತಿತ್ತು, ಮೈಯಲ್ಲಿ ಇರುವೆ ಹರಿದಂತೆ ಜುಮುಜುಮು, ನದಿಯನ್ನೇ ಬಗೆದುಹಾಕಿಬಿಡುತ್ತೇನೆ ಎಂಬ ಹುರುಪು. ಆಮೇಲೆ ಎದೆ ಹೊಡೆದುಕೊಳ್ಳುವುದು ಶುರುವಾಯಿತು. ಹಾಸಿಗೆಯಲ್ಲಿ ಮಲಗಿದರೆ ಯಾರೋ ಬಾಗಿಲು ಬಡಿಯುತ್ತಿದ್ದಾರೇನೋ ಅನ್ನಿಸುವಷ್ಟು. ನಿದ್ದೆ ಹಾರಿಹೋಯಿತು. ಅಮ್ಮನ ಇಸ್ತ್ರಿ ಅಂಗಡಿಯಲ್ಲಿ ಕೈ ನಡುಗಿ ಗಿರಾಕಿಯೊಬ್ಬರ ಅಂಗಿಯ ಕಾಲರು ಸುಟ್ಟಿತು. "ಕೈಯಲ್ಲಿ ಜೀವ ಇಲ್ವೇನೇ ನಿಂಗೆ?" ಎಂದು ಅಮ್ಮ ಗದರಿದಳು. ಜೀವ ಬೇಕಾದದ್ದಕ್ಕಿಂತ ಜಾಸ್ತಿಯಾಗಿದೆ ಎಂದು ಕಡ್ಡಿ ಹೇಗೆ ಹೇಳಿಯಾಳು? ಇದೇ ಶಕ್ತಿ, ಇದು ಹೀಗೇ ಇರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ನೀರಿನ ಮೇಲೂ ಏನೋ ಸರಿಯಿರಲಿಲ್ಲ. ದೋಣಿ ತೂಗಾಡುತ್ತಿತ್ತು. "ಯಾರೋ ಅವಸರ ಮಾಡ್ತಿದ್ದೀರಿ" ಎಂದು ಮೇಷ್ಟ್ರು ದೂರದ ದಡದಲ್ಲಿ ಕುಂಟುತ್ತ ಕೂಗುತ್ತಿದ್ದರು. "ಮೂರು ಹುಟ್ಟು ಒಟ್ಟಿಗೆ ಬೀಳ್ತಿವೆ, ಒಂದು ಮುಂಚೆನೇ ನುಗ್ಗುತ್ತೆ. ಯಾರದು ಅದು?" ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕಡ್ಡಿಯೂ ನೋಡುತ್ತಿದ್ದಳು.

ಆಯ್ಕೆಯ ದಿನ ಹತ್ತಿರ ಬಂತು. ಒಂದು ಸಂಜೆ ಕಡ್ಡಿ ಮನೆಯ ಹಿಂದಿನ ನಲ್ಲಿಯ ಹತ್ತಿರ ಬಾಟಲಿ ಅಲುಗಿಸುತ್ತ ನಿಂತಿದ್ದಾಗ, ಓಟ ಮುಗಿಸಿದ ದುಂಡಿ ಮುಖವೆಲ್ಲ ಕೆಂಪಾಗಿ, ಏದುಸಿರು ಬಿಡುತ್ತ ಬಂದಳು. ಬಂದವಳೇ ಕೈ ಚಾಚಿದಳು.

"ಅಕ್ಕ, ಒಂದು ಗುಟುಕು ಕೊಡೇ. ಗಂಟಲು ಒಣಗಿ ಹೋಗಿದೆ."

ಅದರಲ್ಲಿ ಅನುಮಾನವಿರಲಿಲ್ಲ, ಕುತೂಹಲವೂ ಇರಲಿಲ್ಲ. ಹುಟ್ಟಿದಾಗಿನಿಂದ ಒಂದೇ ಹಾಸಿಗೆ, ಒಂದೇ ಬಾಚಣಿಗೆ, ಜ್ವರ ಬಂದರೆ ಅದನ್ನೂ ಹಂಚಿಕೊಂಡವರು. ದುಂಡಿಗೆ ಬಾಯಾರಿತ್ತು, ಅಕ್ಕನ ಕೈಯಲ್ಲಿ ಬಾಟಲಿಯಿತ್ತು, ಅಷ್ಟೇ ವಿಷಯ. ಕಡ್ಡಿಯ ಕೈ ಅಭ್ಯಾಸಬಲದಿಂದ ಮುಂದಕ್ಕೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು.

"ಇದು ಬೇಡ ನಿಂಗೆ. ನಲ್ಲಿ ನೀರು ಕುಡಿ."

"ಯಾಕೆ? ಏನದು?"

"ಮಾಮ ಕೊಟ್ಟಿದ್ದು. ಶಕ್ತಿ ಬರೋದಕ್ಕೆ. ನಿಂಗೆ ಆಗಲ್ಲ."

"ನಂಗೆ ಆಗಲ್ವಾ?" ದುಂಡಿ ಕಣ್ಣರಳಿಸಿದಳು. "ಏನಾಗುತ್ತೆ?"

"ಎದೆ ಹೊಡ್ಕೊಳ್ಳುತ್ತೆ. ನಿದ್ದೆ ಬರಲ್ಲ. ಕೈ ನಡುಗುತ್ತೆ. ನೀನಿನ್ನೂ ಚಿಕ್ಕವಳು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಏನೇ ಗತಿ?"

"ಮತ್ತೆ ನಿಂಗೆ?" ಎಂದಳು ದುಂಡಿ.

ಕಡ್ಡಿ ಬಾಟಲಿಯನ್ನು ಬೆನ್ನ ಹಿಂದಕ್ಕೆ ಸರಿಸಿದಳು. ದುಂಡಿ ನಲ್ಲಿಗೆ ಬಾಯಿಟ್ಟು ಗಟಗಟ ಕುಡಿದು, ಅಂಗಿಯಲ್ಲೇ ಮುಖ ಒರೆಸಿಕೊಂಡು ಒಳಗೆ ಹೋದಳು. ಕಡ್ಡಿ ಅಲ್ಲಿಯೇ ನಿಂತಿದ್ದಳು. ಭಯವಾಯಿತು ಅವಳಿಗೆ. ಜಾಗ ಕೈತಪ್ಪುವ ಭಯ ಒಂದು ಕಡೆ, ಈ ಬಾಟಲಿಯ ಭಯ ಇನ್ನೊಂದು ಕಡೆ, ಯಾವುದು ದೊಡ್ಡದೆಂದು ತಿಳಿಯಲಿಲ್ಲ. ಕೊನೆಗೆ ಬಾಟಲಿಯನ್ನು ಮೋರಿಯ ಮೇಲೆ ಬಗ್ಗಿಸಿದಳು. ಗುಲಾಬಿ ಬಣ್ಣದ ನೊರೆ ಸ್ವಲ್ಪ ಹೊತ್ತು ತೂತಿನ ಸುತ್ತ ತಿರುಗಿ ಇಳಿದುಹೋಯಿತು.

ಮಾರನೆಯ ದಿನ ಶೆಡ್ಡಿಗೆ ಹೋದರೆ ಮೇಷ್ಟ್ರ ಪಕ್ಕದಲ್ಲಿ ಹೊಚ್ಚ ಹೊಸ ಸ್ಟೀಲ್ ಜಗ್. ಮುಚ್ಚಳ ಬೇರೆ. ಜೊತೆಗೆ ಐದು ಲೋಟಗಳು. ಮೇಷ್ಟ್ರು ಅವಳನ್ನು ಪಕ್ಕಕ್ಕೆ ಕರೆದು, ಸಂಕೋಚದಿಂದ ಮೆಲ್ಲಗೆ ಹೇಳಿದರು: "ಈಚೆಗೆ ನೀನು ಕುಡಿಯೋ ಹಾಗೆ ಮಾಡಿ ದಾಟಿಸ್ತಿದ್ದದ್ದು ನೋಡಿದೆ ಕಣಮ್ಮ. ತಪ್ಪು ನಿಂದಲ್ಲ. ಎಲ್ಲರೂ ಬಾಯಿಟ್ಟ ಜಗ್, ಅಸಹ್ಯ ಆಗೋದು ಸಹಜ. ಮನೆಯವಳು ಹುಣಸೆಹಣ್ಣು ಹಾಕಿ ಎರಡು ಸಲ ತಿಕ್ಕಿದಳು. ಆದ್ರೂ ನೀನು ಕುಡೀಲಿಲ್ಲ. ಅದಕ್ಕೆ ಹೊಸದೇ ತಂದೆ."

ಕಡ್ಡಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ಹೊಳೆಯುವ ಲೋಟಗಳನ್ನು ನೋಡಲಾಗದೆ ಬಿಕ್ಕಿ ಬಿಕ್ಕಿ ಅಳುತ್ತ ಡಬ್ಬಿಯ ವಿಷಯವೆಲ್ಲ ಹೇಳಿಬಿಟ್ಟಳು.

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಅವರಿಗೆ ಯಾವ ನಡುನೀರು ನೆನಪಾಯಿತೋ. "ಮೊದಲು ಡಾಕ್ಟರ ಹತ್ರ ನಡಿ" ಎಂದವರೇ ಚಪ್ಪಲಿ ಮೆಟ್ಟಿದರು. ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು, ನಾಡಿ ನೋಡಿ, ದಾರಿಯಲ್ಲಿ ಮನೆಯಿಂದ ಎತ್ತಿಕೊಂಡು ತಂದಿದ್ದ ಡಬ್ಬಿ ಓದಿ, ಮಾಮ ಎಲ್ಲಿದ್ದಾನೆ ಎಂದು ವಿಚಾರಿಸಿದರು. ಅವನು ಅಲ್ಲಿರಲಿಲ್ಲ, ಬಚಾವಾದ. "ನಿಂಗೇನೂ ಆಗಿಲ್ಲ. ಇನ್ನು ಮುಟ್ಟಬೇಡ. ಹೊಟ್ಟೆ ತುಂಬ ಊಟ ಮಾಡು, ಕಣ್ಣು ತುಂಬ ನಿದ್ದೆ ಮಾಡು, ಒಂದೆರಡು ದಿನ ತಲೆ ನೋಯುತ್ತೆ" ಎಂದರು.

ತಲೆ ಸಿಡಿಯಿತು. ಮೈ ಒದ್ದೆ ಬಟ್ಟೆಯಂತೆ ಭಾರವಾಯಿತು. ಡಬ್ಬಿ ಬಿಟ್ಟದ್ದಕ್ಕೆ ಜಾಗ ಹೋದ ಹಾಗೇ ಎಂದು ಕಡ್ಡಿ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದಳು. ಮೂರನೆಯ ದಿನ ಮಾತ್ರ ಹೊತ್ತೇರುವವರೆಗೆ ಸತ್ತ ಹಾಗೆ ನಿದ್ದೆ ಹೋದಳು. ಎದ್ದಾಗ ಹೊಟ್ಟೆ ಹಸಿದಿತ್ತು. ಅಮ್ಮ ಬಡಿಸಿದ್ದನ್ನೆಲ್ಲ ತಿಂದು, ತಂಗಿಯ ತಟ್ಟೆಗೂ ಕೈ ಹಾಕಿದಳು.

ಆಯ್ಕೆಯ ರೀತಿ ಸರಳವಾಗಿತ್ತು. ಅದೇ ದೋಣಿ, ಅದೇ ಮೂವರು. ಮೊದಲು ದುಂಡಿ ಕೂತು ಸೇತುವೆಯವರೆಗೆ ಹೋಗಬೇಕು, ಆಮೇಲೆ ಕಡ್ಡಿ. ಯಾರು ಕೂತಾಗ ದೋಣಿ ಬೇಗ ಮುಟ್ಟುತ್ತದೋ ಅವಳದೇ ಜಾಗ.

ದುಂಡಿ ಎಳೆದಳು ನೋಡಿ, ನೀರು ಹಾರಿತು, ದಡದಲ್ಲಿದ್ದವರೆಲ್ಲ ಉಘೇ ಅಂದರು. ತನ್ನ ಸರದಿ ಬಂದಾಗ ಕಡ್ಡಿ ಕೈಗಳನ್ನು ನೋಡಿಕೊಂಡಳು. ಸಣ್ಣ ಕೈಗಳು, ಆದರೆ ನಡುಗುತ್ತಿರಲಿಲ್ಲ.

ಮೊದಲ ಎಳೆತಕ್ಕೇ ಅವಳಿಗೆ ಏನೋ ಕೇಳಿಸಿತು. ಹುಟ್ಟುಗಳು ನೀರಿಗೆ ಬಿದ್ದ ಸದ್ದು. ನಾಲ್ಕಲ್ಲ, ಒಂದೇ ಸದ್ದು. ಮತ್ತೆ ಎಳೆದಳು, ಮತ್ತೆ ಒಂದೇ ಸದ್ದು. ಇಷ್ಟು ದಿನ ಮುಂಚೆ ನುಗ್ಗುತ್ತಿದ್ದ ಹುಟ್ಟು ಯಾರದೆಂದು ಆಗ ಗೊತ್ತಾಯಿತು ಅವಳಿಗೆ. ಈಗ ಅವಸರವಿರಲಿಲ್ಲ. ಮುಂದಿನವಳ ಬೆನ್ನು ಬಾಗಿದಾಗ ತಾನೂ ಬಾಗಿದಳು, ಅವಳು ಕಾದಾಗ ತಾನೂ ಕಾದಳು, ಅವಳು ಎಳೆದಾಗ ಉಸಿರೆಲ್ಲ ಸೇರಿಸಿ ಎಳೆದಳು. ದೋಣಿ ಒಂದಿಷ್ಟೂ ತೂಗಲಿಲ್ಲ, ಜಾರಿಕೊಂಡು ಹೋಯಿತು. ಸೇತುವೆಯ ನೆರಳು ಮೈಮೇಲೆ ಬಿದ್ದಾಗ, ಇಷ್ಟು ಬೇಗ ಬಂತೇ ಎಂದು ಅವಳಿಗೇ ಆಶ್ಚರ್ಯ.

ಮೇಷ್ಟ್ರು ಗಡಿಯಾರ ನೋಡಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು. "ಕಡ್ಡಿ" ಎಂದರು, ಅಷ್ಟೇ.

ದುಂಡಿ ದಡದಲ್ಲೇ ಕುಸಿದು ಕೂತು ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು ಬಂದು ಅಕ್ಕನನ್ನು ಅನಾಮತ್ತಾಗಿ ಎತ್ತಿ ಒಂದು ಸುತ್ತು ತಿರುಗಿಸಿದಳು. "ಮುಂದಿನ ವರ್ಷ ನಂದೇ ಜಾಗ, ಈಗಲೇ ಹೇಳಿದೀನಿ" ಎಂದಳು.

ಪಂದ್ಯದ ದಿನ ಅಮ್ಮ ಅಂಗಡಿ ಮುಚ್ಚಿ ಬಂದಳು. ಡಬ್ಬಿ ವಾಪಸ್ಸು ಪಡೆದು ಮುಖ ಸಣ್ಣಗೆ ಮಾಡಿಕೊಂಡಿದ್ದ ಮಾಮನೂ ಬಂದ. ಅರ್ಧ ದಾರಿಯವರೆಗೆ ಇವರ ದೋಣಿ ಮೂರನೆಯದು. ಎದುರಿನವರು ಹೊಡೆದುಕೊಂಡು ಬಡಿದುಕೊಂಡು ಎಳೆಯುತ್ತಿದ್ದರು, ಇವರು ಒಂದೇ ಸಮ ಎಳೆದರು. ಸೇತುವೆ ಕಾಣಿಸುವಾಗ ಎರಡನೆಯದಾಯಿತು. ಮಾಮ ತಡೆಯಲಾರದೆ "ಎಳೀ ಪುಟ್ಟಿ, ಎಳೀ" ಎನ್ನುತ್ತ ದಡದುದ್ದಕ್ಕೂ ಓಡತೊಡಗಿದ. ಸೇತುವೆಯ ಕೆಳಗೆ ಎರಡು ದೋಣಿಗಳ ಮೂತಿಗಳು ಸಮಕ್ಕೆ ಬಂದವು. ಆಚೆಗೆ ಹೊರಬಿದ್ದಾಗ ಇವರದು ಮುಂದಿತ್ತು, ಗುರಿ ದಾಟಿದಾಗಲೂ ಮುಂದಿತ್ತು. ನಾಲ್ವರೂ ಹುಟ್ಟು ಬಿಟ್ಟು ಒಬ್ಬರ ಮಡಿಲಿಗೆ ಒಬ್ಬರು ಒರಗಿ ಆಕಾಶ ನೋಡುತ್ತ ನಕ್ಕರು. ಗೆದ್ದೆವು, ಗೆದ್ದೆವು ಎಂದು ಕಡ್ಡಿ ತನಗೆ ತಾನೇ ಹೇಳಿಕೊಂಡಳು, ನಂಬಿಕೆ ಬರುವವರೆಗೆ.

ಮೆಟ್ಟಿಲ ಮೇಲೆ ಮೇಷ್ಟ್ರು ಕಾಯುತ್ತಿದ್ದರು. ಹೊಸ ಜಗ್ ತಂದಿರಲಿಲ್ಲ, ಹಳೆಯದನ್ನೇ ತಂದಿದ್ದರು. ಅದು ಸಾಲಿನಲ್ಲಿ ಬಂತು. ಕಡ್ಡಿ ಎರಡೂ ಕೈಯಲ್ಲಿ ಹಿಡಿದು ಕುಡಿದಳು, ಗಲ್ಲದಿಂದ ಕತ್ತಿಗೆ, ಕತ್ತಿನಿಂದ ಅಂಗಿಗೆ ನೀರಿಳಿಯಿತು. ಉಸಿರು ತೆಗೆದುಕೊಂಡು ದುಂಡಿಗೆ ಕೊಟ್ಟಳು. ದುಂಡಿ ಕುಡಿದು ಸುತ್ತ ನೋಡಿದಳು. ಅಷ್ಟರಲ್ಲಿ ಮಾಮ ಎರಡೂ ಕೈ ಸೊಂಟಕ್ಕಿಟ್ಟು, ಬಾಯಿ ಬಿಟ್ಟು ತೇಕುತ್ತ ಬಂದು ಕೊನೆಯ ಮೆಟ್ಟಿಲ ಮೇಲೆ ದೊಪ್ಪನೆ ಕೂತ.

"ತಗೋ ಮಾಮ" ಎಂದಳು ದುಂಡಿ.

ಮಾಮ ಕಡ್ಡಿಯ ಮುಖ ನೋಡಿದ. ಆಮೇಲೆ ಜಗ್ ಎತ್ತಿದ. ಎತ್ತಿದವನು ಇಳಿಸಲೇ ಇಲ್ಲ, ಅವನ ಮುಖ ಮುಚ್ಚಿಹೋಗಿ ನೆಗ್ಗಿದ ಹಳೆಯ ತಳವೊಂದೇ ಬಿಸಿಲಿಗೆ ಕಾಣುತ್ತಿತ್ತು.