ನೀರು ಬಿಡುವ ಕೈ

ನೇತ್ರಾಳ ಬೀಕರಿನಲ್ಲಿದ್ದದ್ದು ನೋಡನೋಡುತ್ತಲೇ ಹಾಲಿನಂತೆ ಬೆಳ್ಳಗಾಯಿತು. ಅವಳ ಪಿಎಚ್‌ಡಿ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಏರಿಸಿಕೊಂಡು ಬಗ್ಗಿದರು. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಮುಮ್ತಾಜಳಿಗೆ ತನ್ನ ಕೈಯೇ ತಪ್ಪಿದಂತಾಯಿತು.

ಗದಗಿನ ಆ ಔಷಧ ಕಾಲೇಜಿನಲ್ಲಿ ನೇತ್ರಾ ಎರಡು ವರ್ಷ ಇದೇ ಒಂದು ಕೆಲಸಕ್ಕೆ ಜೀವ ತೇಯ್ದಿದ್ದಳು. ಸಕ್ಕರೆಯಿಂದ ತಯಾರಿಸಿದ, ಕಾಕಂಬಿಯಂಥ ಒಂದು ಮಂದ ದ್ರವ. ಎಣ್ಣೆ ನೀರು ಎರಡನ್ನೂ ಕೂಡಿಸುವುದು ಅದರ ಗುಣ. ಎಣ್ಣೆಯಲ್ಲಿ ಕರಗಿಸಿದ ಕಣ್ಣಿನ ಔಷಧ ಕಾಣದಷ್ಟು ಸಣ್ಣ ಹನಿಗಳಾಗಿ ನೀರಿನಲ್ಲಿ ಹರಡಬೇಕು, ನೀರು ಮಾತ್ರ ತಿಳಿಯಾಗಿಯೇ ಉಳಿಯಬೇಕು. ಉಳಿಯುತ್ತಿರಲಿಲ್ಲ. ಬೆಳಗಾದರೆ ಎಣ್ಣೆ ಮೇಲೆ, ನೀರು ಕೆಳಗೆ.

ಕಲಕುವ ಯಂತ್ರವೂ ಕೆಟ್ಟ ದಿನ ಅವಳು ತಲೆಮೇಲೆ ಕೈಹೊತ್ತು ಕೂತಾಗ, ಗಾಜಿನ ಸಾಮಾನು ತೊಳೆಯುತ್ತಿದ್ದ ಮುಮ್ತಾಜ ತಿರುಗಿ ನೋಡದೆಯೇ ಅಂದಿದ್ದಳು: "ನೀವು ನೀರಿಗೆ ಎಣ್ಣಿ ಸುರೀತೀರಿ. ಬಜಿ ಮಾಡೂವಾಗ ನಾವು ಹಿಟ್ಟಿಗೆ ನೀರ ಬಿಡ್ತೀವ್ರಿ. ನೀರಿಗೆ ಹಿಟ್ಟ ಸುರದ್ರ ಗಂಟಾಗೂದ ಮತ್ತ."

ಆಮೇಲೆ ಮುಮ್ತಾಜಳೇ ಎಣ್ಣೆಯನ್ನು ಆ ಮಂದ ದ್ರವದಲ್ಲಿ ಕಲಸಿ, ಬೆಚ್ಚಗೆ ಮಾಡಿ, ಉಸಿರು ಬಿಗಿಹಿಡಿದು ಒಂದೊಂದೇ ಹನಿ ನೀರು ಬಿಟ್ಟಳು. ಮೊದಲು ಅದು ಅಂಟಿನಂತೆ ಬಿಗಿಯಿತು, ಆಮೇಲೆ ಸಡಿಲಾಯಿತು, ಕಡೆಗೆ ನಸುನೀಲಿ ಹೊಳಪಿನ ತಿಳಿನೀರು. ಬೆಳಗಾದರೂ ಒಡೆಯಲಿಲ್ಲ. ನೇತ್ರಾ ಅವಳನ್ನು ತಬ್ಬಿಕೊಂಡು ಅತ್ತಳು. ಪರೀಕ್ಷೆಯ ತಿಂಗಳ ಕೊನೆಗೆ ಇಬ್ಬರು ಅಟೆಂಡರುಗಳಲ್ಲಿ ಒಬ್ಬರನ್ನು ತೆಗೆಯುವ ಮಾತಿತ್ತು, ಹೊಸಬಳಾದ್ದರಿಂದ ಹೋಗಬೇಕಾದವಳು ಮುಮ್ತಾಜಳೇ. ಪರೀಕ್ಷೆಯ ದಿನ ಎಲ್ಲರೆದುರು ನಿನ್ನ ಹೆಸರು ಹೇಳುತ್ತೇನೆ, ಆಮೇಲೆ ಸೋಮೇಶ ಸರ್ ನಿನ್ನನ್ನು ಹೇಗೆ ಬಿಟ್ಟಾರು ಎಂದು ನೇತ್ರಾ ಆಣೆ ಮಾಡಿದ್ದಳು.

ಈಗ ವಿಭಾಗದ ಮುಖ್ಯಸ್ಥರಾದ ಆ ಸೋಮೇಶ ಸರ್ ಗಡಿಯಾರ ನೋಡುತ್ತಿದ್ದರು. ನೇತ್ರಾ ಅವಸರಕ್ಕೆ ನೀರನ್ನು ಒಮ್ಮೆಲೇ ಬಿಟ್ಟಿದ್ದಳು. ಅವಳ ಕಣ್ಣುಗಳು ಬಾಗಿಲ ಕಡೆ ತಿರುಗಿದವು.

ಮುಮ್ತಾಜ ತಟ್ಟೆ ಇಟ್ಟಳು. "ನಾ ಬಿಡ್ಲೇನ್ರಿ?"

ಪರೀಕ್ಷಕರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಬೇರೆ ಬೀಕರಿನಲ್ಲಿ ಮೊದಲಿನಿಂದ ಸುರುಮಾಡಿದಳು. ಚಹಾ ಆರಿತು. ಬಿಗಿದದ್ದು ಸಡಿಲಾಗಿ ತಿಳಿಯಾದಾಗ ಪರೀಕ್ಷಕರು ಬೀಕರನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಭೇಷ್. ಅಟೆಂಡರಗ ಸುದ್ದಾ ಎಷ್ಟ ಚಲೋ ಕಲಿಸೀರಲ್ರಿ," ಎಂದರು ನೇತ್ರಾಳಿಗೆ.

ಮುಮ್ತಾಜ ನೇತ್ರಾಳ ಮುಖ ನೋಡಿದಳು. ನೇತ್ರಾ ಬೀಕರನ್ನು ನೋಡುತ್ತಿದ್ದಳು.

"ಮೂರ ತಿಂಗಳ ಹಿಡೀತ್ರಿ ಸರ," ಅಂದಳು ನೇತ್ರಾ, "ಈಕಿಗೆ ಇಷ್ಟ ಕಲಿಸಾಕ."

ಸೋಮೇಶ ಸರ್ ನಕ್ಕರು. ಆರಿದ ಚಹಾ ತೆಗೆದು ಬೇರೆ ತರಲು ಹೇಳಿದರು. ನೇತ್ರಾ ಆ ತಿಳಿಯನ್ನು ಪುಟ್ಟ ಬಾಟಲಿಗೆ ತುಂಬಿಸಿ, ಚೀಟಿಯ ಮೇಲೆ ತಾರೀಖು, ಕೆಳಗೆ ತನ್ನ ಹೆಸರು ಬರೆದಳು. ಬಾಟಲಿ ಕೈಯಲ್ಲಿ ಜಾರುತ್ತಿತ್ತು. ಚೀಟಿ ಓರೆಯಾಗಿ ಅಂಟುತ್ತಿತ್ತು.

"ಅಕ್ಕಾ, ಸ್ವಲ್ಪ ಹಿಡಿಯಬೇ," ಅಂದಳು ಮೆಲ್ಲಗೆ.

ಮುಮ್ತಾಜ ಎರಡೂ ಕೈಯಿಂದ ಬಾಟಲಿಯನ್ನು ಅಲುಗದಂತೆ ಹಿಡಿದಳು.