ಉಪ್ಪುನೀರಿನ ತೊಟ್ಟಿಯೂ ಕರೆಂಟಿಲ್ಲದ ಆರು ದಿನವೂ

ಸ್ಲಾವ್ಕಾಳಿಗೆ ಆ ಮೀನಿನ ತೊಟ್ಟಿ ಎಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಶಾಲೆಯ ಹಜಾರದಲ್ಲಿ, ಅಡುಗೆಮನೆಗೆ ಹೋಗುವ ದಾರಿಗೆ ಅಡ್ಡವಾಗಿ, ನಾನೂರು ಲೀಟರಿನ ಗಾಜಿನ ಪೆಟ್ಟಿಗೆ. ಊಟದ ಗಂಟೆ ಹೊಡೆದರೂ ಮಕ್ಕಳು ಅದಕ್ಕೆ ಮೂಗು ಒತ್ತಿಕೊಂಡು ನಿಂತಿರುತ್ತಿದ್ದವು. ಅವಳು ಬಡಿಸಿಟ್ಟ ಸೂಪು ಆರಿ ತಣ್ಣಗಾಗುತ್ತಿತ್ತು. ಇಪ್ಪತ್ತಾರು ವರ್ಷದಿಂದ ಆ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವಳಿಗೆ ಯಾರ ಮೇಲಾದರೂ ಹೊಟ್ಟೆಕಿಚ್ಚು ಇದ್ದರೆ ಅದು ಆ ಮೀನುಗಳ ಮೇಲೆ.

ತೊಟ್ಟಿಯನ್ನು ಕಟ್ಟಿದವರು ಜೀವಶಾಸ್ತ್ರದ ಸ್ಮೆರ್ದು ಮೇಷ್ಟ್ರು. ಒಂದು ದೊಡ್ಡ ಹಳದಿ ಮೀನು, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಒಂದು ಸಿಗಡಿ, ಕಲ್ಲಿಗೆ ಅಂಟಿಕೊಂಡ ಹವಳಗಳು. ಎಲ್ಲವೂ ಬೆಚ್ಚನೆಯ ಕಡಲಿನವು. ಅವುಗಳ ನೀರು ಚಳಿಗಾಲದಲ್ಲೂ ಇಪ್ಪತ್ತೈದು ಡಿಗ್ರಿಗಿಂತ ಕೆಳಗಿಳಿಯಬಾರದು.

ಫೆಬ್ರುವರಿಯ ಮೊದಲ ಭಾನುವಾರ ಪೋಸ್ತೊಯ್ನಾ ಸೀಮೆಯಲ್ಲೆಲ್ಲ ಮಳೆ ಬಿತ್ತು, ಬಿದ್ದಲ್ಲೇ ಹೆಪ್ಪುಗಟ್ಟಿ ಗಾಜಾಯಿತು. ಮಧ್ಯಾಹ್ನದ ಹೊತ್ತಿಗೆ ಕೊಂಬೆಗಳ ಮೇಲೆ ಮುಷ್ಟಿ ದಪ್ಪದ ಮಂಜುಗಡ್ಡೆ. ಕಾಡಿನೊಳಗೆ ಬೀಚ್ ಮರಗಳು ಒಂದರ ಹಿಂದೊಂದು ಮುರಿದು ಬೀಳುವ ಸದ್ದು ಊರಿಗೆಲ್ಲ ಕೇಳುತ್ತಿತ್ತು. ಕರೆಂಟಿನ ದೊಡ್ಡ ಕಂಬಗಳು ಮಂಡಿಯೂರಿದಂತೆ ಮಡಚಿಕೊಂಡವು. ಊರು ಕತ್ತಲಾಯಿತು.

ಶಾಲೆಯ ಅಡುಗೆಮನೆಗೆ ಗ್ಯಾಸಿತ್ತು, ಹಳೆಯ ಕಟ್ಟಡದ ಒಂದು ಕೋಣೆಯಲ್ಲಿ ಸೌದೆ ಒಲೆಯೂ ಉಳಿದಿತ್ತು. ಸೋಮವಾರ ಬೆಳಿಗ್ಗೆ ಅಗ್ನಿಶಾಮಕ ಸ್ವಯಂಸೇವಕರ ಮುಖಂಡ ಬೊರುಟ್ ಬಂದು, ಮನೆಯಲ್ಲಿ ಒಲೆಯಿಲ್ಲದ ಮುದುಕರನ್ನು ಅಲ್ಲಿಗೇ ಕರೆತರುವುದೆಂದು ಹೇಳಿದ. ತಂತಿ ಎಳೆಯಲು ಬಂದ ನಲವತ್ತು ಕೆಲಸಗಾರರಿಗೆ ಊಟವೂ ಅಲ್ಲೇ. ಅಡುಗೆಗೆ ಸ್ಲಾವ್ಕಾ ಒಬ್ಬಳೇ. ಅವಳ ಜೊತೆಯವಳು ಆಚೆ ಹಳ್ಳಿಯಲ್ಲಿ ಸಿಕ್ಕಿಬಿದ್ದಿದ್ದಳು.

ಅದೇ ಹೊತ್ತಿಗೆ ಫೋನು ಬಂತು. ಸ್ಮೆರ್ದು ಮೇಷ್ಟ್ರು. ಗುಡ್ಡದ ಮೇಲಿನ ಅವರ ಮನೆಯ ದಾರಿ ಪೂರ್ತಿ ಮರ ಬಿದ್ದು ಮುಚ್ಚಿಹೋಗಿತ್ತು. ಕಾರಿನಲ್ಲಿ ಕೂತು ಫೋನಿಗೆ ಚಾರ್ಜು ಹಾಕಿಕೊಳ್ಳುತ್ತಿದ್ದರು.

"ಸ್ಲಾವ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ತೊಟ್ಟಿ ನೋಡ್ಕೊಳ್ಳಿ."

"ಮೇಷ್ಟ್ರೇ, ನಂಗಿಲ್ಲಿ ನಲವತ್ತು ಜನ ಗಂಡಸರ ಹೊಟ್ಟೆ ತುಂಬಿಸ್ಬೇಕು."

"ಕಷ್ಟ ಏನಿಲ್ಲ. ಸುತ್ತ ಕಂಬಳಿ ಸುತ್ತಿ. ಬಾಟಲಿಗೆ ಬಿಸಿನೀರು ತುಂಬಿ ಮುಚ್ಚಳ ಹಾಕಿ ತೇಲಿಬಿಡಿ. ಬಿಸಿನೀರನ್ನ ಒಳಗೆ ಮಾತ್ರ ಸುರೀಬೇಡಿ. ಊಟ ಹಾಕ್ಬೇಡಿ. ಮತ್ತೆ ಚೊಂಬಲ್ಲಿ ಅದೇ ನೀರು ಮೊಗೆದು ಎತ್ತರದಿಂದ ಹುಯ್ಯಿ, ಗಾಳಿ ಸೇರ್ಬೇಕು. ಅರ್ಧ ಗಂಟೆಗೊಂದು ಸಲ, ಹತ್ತು ನಿಮಿಷ."

"ರಾತ್ರಿ?"

"ರಾತ್ರಿನೂ," ಅಂದರು ಮೇಷ್ಟ್ರು.

ಆಗಲ್ಲ ಅನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಬಾಯಿ "ಆಯ್ತು" ಅಂದುಬಿಟ್ಟಿತ್ತು. ಯಾಕೆಂದು ಆಮೇಲೂ ಅವಳಿಗೆ ತಿಳಿಯಲಿಲ್ಲ.

ಊರಿಗೆಲ್ಲ ಒಂದೇ ಜನರೇಟರು. ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ, ಹಾಲು ಕರೆಯುವ ಯಂತ್ರ ಓಡಿಸಲು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಎಳೆದುಕೊಂಡು ಹೋಗುತ್ತಿದ್ದರು. ಶಾಲೆಗೆ ಮಧ್ಯಾಹ್ನ ಒಂದು ಗಂಟೆ ಕಾಲ ಬರುತ್ತಿತ್ತು. ಆಗ ಪಂಪು ಗುಂಯ್‌ಗುಡುತ್ತಿತ್ತು, ಮೀನುಗಳು ಮೈ ಸಡಿಲಿಸಿ ಅತ್ತಿತ್ತ ಹೋಗುತ್ತಿದ್ದವು. ಗಂಟೆ ಮುಗಿಯುತ್ತಲೇ ಬೊರುಟ್ ವೈರು ಕೀಳುತ್ತಿದ್ದ.

"ಇನ್ನೊಂದರ್ಧ ಗಂಟೆ ಬಿಡೋ."

"ಸ್ಲಾವ್ಕಕ್ಕ, ಅಲ್ಲಿ ಹಸುಗಳು ಕೆಚ್ಚಲು ಬಿಗಿದು ಅರಚ್ತಾ ಇದಾವೆ. ನಿನ್ನ ಮೀನು ಹಾಲು ಕೊಡತ್ತಾ?"

"ನನ್ನ ಮೀನಲ್ಲಪ್ಪ ಅವು."

"ಮತ್ಯಾಕೆ ಒದ್ದಾಡ್ತಿ? ಮೇಷ್ಟ್ರು ಹೊಸಾವು ತಂದ್ಕೋತಾರೆ ಬಿಡು." ಅವನ ಕಣ್ಣುಗಳೂ ನಿದ್ದೆಯಿಲ್ಲದೆ ಕೆಂಪಗಿದ್ದವು. ಅದಕ್ಕೇ ಅವಳು ಜಗಳ ಬೆಳೆಸಲಿಲ್ಲ.

ಕಂಬಳಿ ಸುತ್ತಿ, ಬಿಸಿನೀರಿನ ಬಾಟಲಿ ತೇಲಿಬಿಟ್ಟರೂ ಮಂಗಳವಾರಕ್ಕೆ ನೀರು ಹತ್ತೊಂಬತ್ತು ಡಿಗ್ರಿ, ಬುಧವಾರಕ್ಕೆ ಹದಿನೇಳು. ಹುಳಿ ಎಲೆಕೋಸು, ಹುರುಳಿಕಾಯಿ ಬೀಜ, ಆಲೂಗಡ್ಡೆ ಹಾಕಿದ ಯೋಟಾ ಸೂಪು ದೊಡ್ಡ ಹಂಡೆಯಲ್ಲಿ ಕುದಿಯುತ್ತಿರುವಾಗ ಅವಳು ಸೌಟು ಬಿಟ್ಟು ಓಡಿಬಂದು ಚೊಂಬು ಹಿಡಿಯುತ್ತಿದ್ದಳು. ಮೊಗೆದು, ಎತ್ತಿ, ಹುಯ್ದು, ಮತ್ತೆ ಮೊಗೆದು. ಚಳಿಗೆ ಒಡೆದ ಬೆರಳುಗಳಿಗೆ ಉಪ್ಪು ತಾಕಿ ಉರಿಯುತ್ತಿತ್ತು. ಭುಜ ಮಾತು ಕೇಳುತ್ತಿರಲಿಲ್ಲ. ಇರುಳುಗಳನ್ನು ಅಡುಗೆಮನೆಯ ಕುರ್ಚಿಯಲ್ಲಿ ಗಡಿಯಾರಕ್ಕೆ ಕಿವಿ ಕೊಟ್ಟು ಕಳೆದಳು. ಬುಧವಾರ ಸಂಜೆ ಮೊಬೈಲ್ ಗೋಪುರವೂ ಸತ್ತಿತು. ಮೇಷ್ಟ್ರ ದನಿಯೂ ಇಲ್ಲವಾಯಿತು.

ಒಲೆಯ ಕೋಣೆಗೆ ಬಂದವರಲ್ಲಿ ಯುಸ್ತಿನಜ್ಜಿ ಒಬ್ಬಳು. ಎಂಬತ್ತನಾಲ್ಕು ವರ್ಷ, ಒಂದು ಕಾಲದಲ್ಲಿ ಊರೂರು ನಡೆದು ಟಪಾಲು ಹಂಚಿದವಳು. ಆಕೆಯ ಮನೆಯ ಮಾಡಿನ ಮೇಲೆ ಪೈನ್ ಮರ ಮಲಗಿತ್ತು. ಗುರುವಾರ ಬೆಳಿಗ್ಗೆ ಆಕೆ ಕುರ್ಚಿ ಎಳೆದುಕೊಂಡು ಬಂದು ತೊಟ್ಟಿಯ ಮುಂದೆ ಕೂತಳು.

"ನನ್ನ ಜೀವಮಾನದಲ್ಲಿ ಎಷ್ಟೋ ಮೀನು ತಿಂದಿದೀನಿ. ಮೀನಿಗೆ ಬಾಣಂತನ ಮಾಡೋರನ್ನ ಇವತ್ತೇ ನೋಡಿದ್ದು."

"ನಗಾಡು, ಅಜ್ಜಿ, ನಗಾಡು."

"ಕೊಡಿಲ್ಲಿ ಆ ಚೊಂಬು. ನೀನು ಹೋಗಿ ಸೂಪು ನೋಡು. ನಿನ್ನೆ ತಳ ಹಿಡಿದಿತ್ತು. ಯಾರೂ ಹೇಳ್ಲಿಲ್ಲ, ನಾನು ಹೇಳ್ತಿದೀನಿ."

ಅಜ್ಜಿ ಚೊಂಬು ಕಸಿದುಕೊಂಡು ಹುಯ್ಯತೊಡಗಿದಳು. ಅರ್ಧ ನೀರು ತೊಟ್ಟಿಗೆ, ಅರ್ಧ ಮಡಿಲಿಗೆ. ಆದರೂ ಬಿಡಲಿಲ್ಲ. ಹುಯ್ಯುತ್ತಾ ಮೀನುಗಳನ್ನು ಬೈಯುತ್ತಿದ್ದಳು. ಹಳದಿಯದಕ್ಕೆ "ಜಂಬದ ಕೋಳಿ" ಎಂದು ಹೆಸರಿಟ್ಟಿದ್ದಳು.

ಶುಕ್ರವಾರ ಮಧ್ಯಾಹ್ನ ಕೆಲಸಗಾರರೆಲ್ಲ ಉಂಡು ಹೋದ ಮೇಲೆ ಸ್ಲಾವ್ಕಾ ಪಾತ್ರೆ ತೊಳೆಯಲು ನಿಂತಳು. ಕೈಯಲ್ಲಿದ್ದ ತಟ್ಟೆ ಎರಡಾಗಿ ಕಂಡಿತು.

"ಅಜ್ಜಿ, ಅರ್ಧ ಗಂಟೆ ಕಣ್ಣು ಮುಚ್ತೀನಿ. ಅರ್ಧ ಗಂಟೆ ಮಾತ್ರ. ಎಬ್ಬಿಸ್ಬೇಕು, ಮರೀಬೇಡ."

"ಹೋಗು ಹೋಗು. ಎಬ್ಬಿಸ್ತೀನಿ."

ಉಗ್ರಾಣದಲ್ಲಿ ಆಲೂಗಡ್ಡೆ ಚೀಲಗಳ ಮೇಲೆ ಕೋಟು ಹಾಸಿ ಮಲಗಿದಳು. ಎದ್ದಾಗ ಕಿಟಕಿಯಲ್ಲಿ ಬೆಳಕು ಬಣ್ಣ ತಿರುಗಿತ್ತು. ಗಡಿಯಾರ ಐದು ತೋರಿಸುತ್ತಿತ್ತು. ಮೂರೂವರೆ ಗಂಟೆ ಹೊತ್ತು ಮಲಗಿಬಿಟ್ಟಿದ್ದಳು! ಹಜಾರಕ್ಕೆ ಓಡಿದಳು.

ಹಳದಿ ಮೀನು ಅಡ್ಡವಾಗಿ ತೇಲುತ್ತಿತ್ತು. ಸಿಗಡಿ ಕಲ್ಲಿನ ಬುಡದಲ್ಲಿ ಕಾಲು ಮಡಚಿ ಬಿದ್ದಿತ್ತು. ಕಿತ್ತಳೆಯವೆರಡೂ ಮೂಲೆಯಲ್ಲಿ, ನೀರಿನ ಅಂಚಿಗೆ ಬಾಯಿ ಒತ್ತಿ ಏದುಸಿರು ಬಿಡುತ್ತಿದ್ದವು.

ಕುರ್ಚಿಯಲ್ಲಿ ಯುಸ್ತಿನಜ್ಜಿ ನಿದ್ದೆ ಹೋಗಿದ್ದಳು. ಬಾಯಿ ತೆರೆದಿತ್ತು. ಚೊಂಬು ಇನ್ನೂ ಮಡಿಲಲ್ಲೇ ಇತ್ತು. ಬಲತೋಳು ಮೊಣಕೈವರೆಗೆ ಒದ್ದೆ, ಎಡತೋಳೂ ಒದ್ದೆ. ಒಂದು ಕೈ ಸೋತ ಮೇಲೆ ಇನ್ನೊಂದರಲ್ಲಿ ಹುಯ್ದಿದ್ದಳು. ಸ್ಲಾವ್ಕಾ ಅವಳನ್ನು ಎಬ್ಬಿಸಲಿಲ್ಲ. ಮೆಲ್ಲಗೆ ಚೊಂಬು ಬಿಡಿಸಿಕೊಂಡಳು. ಸತ್ತವನ್ನು ಜಾಲರಿಯಿಂದ ತೆಗೆದಳು. ಹುಯ್ಯತೊಡಗಿದಳು. ಹತ್ತು ನಿಮಿಷವಲ್ಲ, ಪೂರ್ತಿ ಒಂದು ಗಂಟೆ. ಕಿತ್ತಳೆಯವು ಅಂಚು ಬಿಟ್ಟು ನಿಧಾನಕ್ಕೆ ಕೆಳಗಿಳಿದವು.

ನೀರಿನ ಸದ್ದಿಗೆ ಅಜ್ಜಿ ಎಚ್ಚೆತ್ತಳು. ಮೊದಲು ಸ್ಲಾವ್ಕಾಳನ್ನು ನೋಡಿದಳು, ಆಮೇಲೆ ತೊಟ್ಟಿಯನ್ನು.

"ಜಂಬದ ಕೋಳಿ ಎಲ್ಲೇ?"

"ಹೋಯ್ತು, ಅಜ್ಜಿ."

"ನಾನು..." ಅಜ್ಜಿ ಒದ್ದೆ ತೋಳನ್ನು ಹಿಂಡಿಕೊಂಡಳು. "ಎಬ್ಬಿಸೋಕೆ ಬಂದಿದ್ದೆ ಕಣೇ. ಬಾಗಿಲ ತನಕ ಬಂದೆ. ಹೆಣದ ಹಾಗೆ ಬಿದ್ದಿದ್ದೆ ನೀನು. ಮನಸ್ಸು ಬರ್ಲಿಲ್ಲ. ನಾನೇ ಹುಯ್ಕೋತೀನಿ ಅಂದ್ಕೊಂಡೆ."

"ಎಷ್ಟೊತ್ತು ಹುಯ್ದೆ?"

"ಗೊತ್ತಿಲ್ಲ. ಕೊನೆಗೆ ಕೈ ಮೇಲೇಳ್ಲೇ ಇಲ್ಲ."

ಸ್ಲಾವ್ಕಾಳಿಗೆ ಸಿಟ್ಟು ಬರಬೇಕಿತ್ತು. ಹುಡುಕಿದರೂ ಅದು ಸಿಗಲಿಲ್ಲ, ಬರೀ ಆಯಾಸ ಸಿಕ್ಕಿತು. ಒಲೆಯ ಮೇಲಿದ್ದ ಚಹಾ ತಂದು ಅಜ್ಜಿಯ ಕೈಗಿಟ್ಟಳು. ಲೋಟ ಹಿಡಿಯಲೂ ಆಗದೆ ಅಜ್ಜಿ ತಡವರಿಸಿದಾಗ ತಾನೇ ಕುಡಿಸಿದಳು.

ಶನಿವಾರ ಹನ್ನೊಂದರ ಹೊತ್ತಿಗೆ ಹಜಾರದ ದೀಪಗಳು ಒಮ್ಮೆಲೇ ಹತ್ತಿದವು. ಯಾರೋ ಚಪ್ಪಾಳೆ ತಟ್ಟಿದರು. ಪಂಪು ತಡವರಿಸಿ ಗುಂಯ್‌ಗುಟ್ಟಿತು. ಅದಾಗಿ ಸ್ವಲ್ಪ ಹೊತ್ತಿಗೆ ಸ್ಮೆರ್ದು ಮೇಷ್ಟ್ರು ಬಂದರು. ಬಿದ್ದ ಮರಗಳನ್ನು ಹತ್ತಿ ಇಳಿದು ಆರು ಕಿಲೋಮೀಟರ್ ನಡೆದು ಬಂದಿದ್ದರು, ಪ್ಯಾಂಟು ಮಂಡಿಯಲ್ಲಿ ಹರಿದಿತ್ತು. ಸೀದಾ ತೊಟ್ಟಿಯ ಮುಂದೆ ಕೂತು ಕಂಬಳಿ ಸರಿಸಿದರು. ಹವಳಗಳು ಬಹುಪಾಲು ಲೋಳೆಗಟ್ಟಿ ಬೂದಿ ಬಣ್ಣಕ್ಕೆ ತಿರುಗಿದ್ದವು.

"ನಿದ್ದೆ ಬಂದ್ಬಿಡ್ತು ಮೇಷ್ಟ್ರೇ, ಶುಕ್ರವಾರ," ಅಂದಳು ಸ್ಲಾವ್ಕಾ. "ತಪ್ಪು ನಂದೇ."

"ಸುಳ್ಳು ಹೇಳ್ತಿದಾಳೆ. ನಿದ್ದೆ ಮಾಡಿದ್ದು ನಾನು," ಕುರ್ಚಿಯಿಂದ ಯುಸ್ತಿನಜ್ಜಿ ಅಂದಳು.

ಮೇಷ್ಟ್ರು ಇಬ್ಬರನ್ನೂ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಹಳದಿಗೆ ಹನ್ನೊಂದು ವರ್ಷ," ಅಂದರು. ಕನ್ನಡಕ ಮತ್ತೆ ಹಾಕಿಕೊಂಡರು. "ಒಂದೂ ಉಳಿದಿರಲ್ಲ ಅಂದ್ಕೊಂಡೇ ನಡ್ಕೊಂಡು ಬಂದೆ. ನಿಮಗೆ ಹೇಗೆ ಹೇಳ್ಬೇಕು ಅಂತ ದಾರಿಯುದ್ದಕ್ಕೂ ಯೋಚ್ನೆ ಮಾಡ್ತಿದ್ದೆ, ಬೇಜಾರು ಮಾಡ್ಕೋಬೇಡಿ ಅಂತ."

"ಅಷ್ಟು ದೂರ ನಡೆದಿದೀರಿ, ಊಟ ಮಾಡಿ," ಅಂದಳು ಸ್ಲಾವ್ಕಾ. "ಅಜ್ಜಿ ಹೇಳೋ ಹಾಗೆ ತಳ ಹಿಡಿದಿಲ್ಲ ಇವತ್ತು."

ಆ ಮಧ್ಯಾಹ್ನ ಅವಳು ಮನೆಗೆ ಹೋಗಿ ಮಾರನೆಯ ದಿನದವರೆಗೆ ಮಲಗಿದಳು. ಹವಳಗಳಲ್ಲಿ ಎರಡು ಮಾತ್ರ ಬೇಸಿಗೆಯ ಹೊತ್ತಿಗೆ ಚಿಗುರಿದವು. ಯುಸ್ತಿನಜ್ಜಿಯ ಮಾಡು ರಿಪೇರಿಯಾಗಲು ಜೂನ್ ಹಿಡಿಯಿತು. ಅಲ್ಲಿಯವರೆಗೆ ಆಕೆ ಸ್ಲಾವ್ಕಾಳ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ದಿನವೂ ಅಡುಗೆಯಲ್ಲಿ ತಪ್ಪು ಹುಡುಕುತ್ತಿದ್ದಳು, ತಟ್ಟೆಯಲ್ಲಿ ಮಾತ್ರ ಒಂದು ತುತ್ತೂ ಉಳಿಸುತ್ತಿರಲಿಲ್ಲ.